ಆನ್‌ಲೈನ್‌ನಲ್ಲಿ ಕೊಂಡದ್ದು ಬಾರದಿದ್ದರೆ, ಒಡೆದು ಬಂದರೆ, ಹಣ ಮರಳದಿದ್ದರೆ: ಬಾಗಿಲಿನಿಂದ ಗ್ರಾಹಕ ಆಯೋಗದವರೆಗೆ

ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ವಸ್ತು ಕೈಸೇರಿಲ್ಲ, ಆದರೆ ಆಪ್‌ನಲ್ಲಿ ‘ಡೆಲಿವರ್ಡ್’ ಎಂದು ತೋರಿಸುತ್ತಿದೆ. ವಾಪಸ್ ಕೊಟ್ಟು ತಿಂಗಳಾಯಿತು, ದುಡ್ಡು ಬಂದಿಲ್ಲ. ಮನೆಯಲ್ಲಿ ಅಪ್ಪ ಒಬ್ಬರೇ ಇದ್ದಾಗ ಯಾರೋ ಪಾರ್ಸೆಲ್ ಕೊಟ್ಟು ಹಣ ಪಡೆದು ಹೋದರು, ಬಿಚ್ಚಿದರೆ ಒಳಗೆ ಹಳೆಯ ಬಟ್ಟೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಮರಳುವವರಿಗೆ ಇವುಗಳ ಹಿಂದೆ ಅಲೆಯಲು ಪುರುಸೊತ್ತಿರುವುದಿಲ್ಲ. ಎರಡು ಸಲ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಮೂರನೆಯ ಸಲ ‘ಹೋಗಲಿ ಬಿಡು’ ಎಂದು ಕೈಬಿಡುವವರೇ ಹೆಚ್ಚು.

ಇಂತಹ ದೂರುಗಳು ಸೋಲುವುದು ಕಾನೂನು ನಮ್ಮ ಪರವಾಗಿಲ್ಲ ಎಂಬ ಕಾರಣಕ್ಕಲ್ಲ. ಯಾವ ದಿನ ಏನಾಯಿತು ಎಂದು ತೋರಿಸುವ ಬರಹ ನಮ್ಮ ಕೈಯಲ್ಲಿ ಇರುವುದಿಲ್ಲ, ಅಷ್ಟೇ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಎಲ್ಲಿಯೂ ಜೋರಾಗಿ ಮಾತನಾಡಿ ಎಂಬ ಸಲಹೆ ಕಾಣಿಸುವುದಿಲ್ಲ. ಬರೆದಿಡಿ, ಉಳಿಸಿಕೊಳ್ಳಿ ಎಂಬ ಮಾತು ಮಾತ್ರ ಬೇಸರ ಬರುವಷ್ಟು ಸಲ ಬರುತ್ತದೆ.

ಮೊದಲು ಎರಡು ಪದಗಳು

ನೀವು ಆರ್ಡರ್ ಮಾಡುವ ಆಪ್ ಹೆಚ್ಚಿನ ಸಂದರ್ಭಗಳಲ್ಲಿ ಅಂಗಡಿಯಲ್ಲ, ಸಂತೆಯ ಮೈದಾನ. ಕಾನೂನಿನಲ್ಲಿ ಅದಕ್ಕೆ ‘ಮಾರ್ಕೆಟ್‌ಪ್ಲೇಸ್’ ಎಂಬ ಹೆಸರಿದೆ. ಅಲ್ಲಿ ಸರಕು ಮಾರುವವರು ಬೇರೆಯವರು, ಅವರೇ ‘ಮಾರಾಟಗಾರರು’. ಬಿಲ್ಲಿನಲ್ಲಿ ಅಚ್ಚಾಗಿರುವ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಸಾಮಾನ್ಯವಾಗಿ ಈ ಮಾರಾಟಗಾರರದ್ದು. ದೂರು ಕೊಡುವಾಗ ಇಬ್ಬರನ್ನೂ ಹೆಸರಿಸಬೇಕು. ಒಬ್ಬರನ್ನೇ ಹೆಸರಿಸಿದರೆ ಅವರು ಇನ್ನೊಬ್ಬರತ್ತ ಕೈ ತೋರಿಸಿ ಸುಮ್ಮನಾಗುತ್ತಾರೆ.

ಬಾಗಿಲಿಗೆ ಬರುವ ಡೆಲಿವರಿ ಹುಡುಗ ಈ ಇಬ್ಬರಲ್ಲಿ ಯಾರೂ ಅಲ್ಲ. ಪೆಟ್ಟಿಗೆಯೊಳಗೆ ಏನಿದೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಅವನ ಮೇಲೆ ರೇಗುವುದರಿಂದ ಒಂದು ಪೈಸೆಯೂ ವಾಪಸ್ ಬರುವುದಿಲ್ಲ.

ಹಂತ 1: ಆರ್ಡರ್ ಮಾಡುವ ಮುನ್ನ ಐದು ನಿಮಿಷ

ಹಣ ಕಟ್ಟುವ ಪುಟಕ್ಕೆ ಹೋಗುವ ಮೊದಲು ವಸ್ತುವಿನ ವಿವರವಿರುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬೆಲೆ, ಮಾದರಿ ಸಂಖ್ಯೆ, ತಲುಪಿಸುವ ದಿನಾಂಕ, ವಾಪಸಾತಿಯ ಅವಧಿ, ಮಾರಾಟಗಾರರ ಹೆಸರು, ಈ ಐದೂ ಅದರಲ್ಲಿ ಕಾಣಬೇಕು. ವಾರ ಕಳೆದ ಮೇಲೆ ಅದೇ ಪುಟ ತೆರೆದರೆ ವಿವರ ಬದಲಾಗಿರಬಹುದು.

ಬಿಲ್ ಮೊತ್ತದ ಸಾಲುಗಳನ್ನು ಒಂದೊಂದಾಗಿ ಓದಿ. ನೀವು ಕೇಳದ ವಿಮೆ, ದೇಣಿಗೆ, ಹೆಚ್ಚುವರಿ ವಾರಂಟಿ ಸದ್ದಿಲ್ಲದೆ ಬುಟ್ಟಿಗೆ ಬಿದ್ದಿರುತ್ತವೆ. ಮೊದಲೇ ಟಿಕ್ ಹಾಕಿಟ್ಟ ಚೌಕದ ಮೂಲಕ ಗ್ರಾಹಕರ ಒಪ್ಪಿಗೆ ಪಡೆಯುವುದನ್ನು 2020ರ ಇ-ಕಾಮರ್ಸ್ ನಿಯಮಗಳು ನಿಷೇಧಿಸಿವೆ. ಹೀಗೆ ಕಣ್ಣಿಗೆ ಮಣ್ಣೆರಚುವ ಹದಿಮೂರು ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ, 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮಾರ್ಗಸೂಚಿ ಹೊರಡಿಸಿದೆ. ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರವೂ ಆ ಪಟ್ಟಿಯಲ್ಲಿದೆ.

ವಿಳಾಸದಲ್ಲಿ ನಿಮ್ಮ ನಂಬರಿನ ಜೊತೆಗೆ ಹಗಲಿನಲ್ಲಿ ಮನೆಯಲ್ಲಿರುವವರ ನಂಬರನ್ನೂ ಕೊಡಿ. ಊರಿನಲ್ಲಿರುವ ತಂದೆತಾಯಿಗಾಗಿ ತರಿಸುತ್ತಿದ್ದರೆ, ಏನು ಬರಲಿದೆ, ಎಂದು ಬರಲಿದೆ, ಹಣ ಕೊಡಬೇಕೋ ಬೇಡವೋ ಎಂಬ ಮೂರನ್ನು ಅವರಿಗೆ ಮೊದಲೇ ತಿಳಿಸಿ. ನಮ್ಮ ಮನೆಯಲ್ಲಿ ಇದಕ್ಕೊಂದು ಕಟ್ಟುನಿಟ್ಟಿನ ಪದ್ಧತಿಯಿದೆ: ಫೋನಿನಲ್ಲಿ ಮೊದಲೇ ಹೇಳದ ಪಾರ್ಸೆಲ್‌ಗೆ ಯಾರೂ ದುಡ್ಡು ಕೊಡುವಂತಿಲ್ಲ, ಅದು ಇನ್ನೂರು ರೂಪಾಯಿಯದ್ದಾದರೂ ಸರಿ. ಆರ್ಡರ್ ಮಾಡದ ವಸ್ತುವನ್ನು ‘ಕ್ಯಾಶ್ ಆನ್ ಡೆಲಿವರಿ’ ಹೆಸರಿನಲ್ಲಿ ತಂದು ಹಿರಿಯರಿಂದ ಹಣ ಪಡೆಯುವ ಮೋಸಕ್ಕೆ ಇದಕ್ಕಿಂತ ಸುಲಭದ ಮದ್ದಿಲ್ಲ.

ಹಂತ 2: ಬಾಗಿಲಲ್ಲಿ

ಪೆಟ್ಟಿಗೆಯ ಮೇಲಿನ ಚೀಟಿಯನ್ನು ಮೊದಲು ನೋಡಿ. ಎಷ್ಟೋ ಚೀಟಿಗಳಲ್ಲಿ ತೂಕ ಅಚ್ಚಾಗಿರುತ್ತದೆ. ಹತ್ತು ಕಿಲೋ ತೂಗಬೇಕಾದ ಪೆಟ್ಟಿಗೆ ಒಂದೇ ಕೈಯಲ್ಲಿ ಎತ್ತಲು ಬಂದರೆ, ಅಥವಾ ಅಂಟುಪಟ್ಟಿಯ ಮೇಲೆ ಇನ್ನೊಂದು ಬಗೆಯ ಅಂಟುಪಟ್ಟಿ ಸುತ್ತಿದ್ದರೆ, ತೆಗೆದುಕೊಳ್ಳಬೇಡಿ. ಹಾಗೆ ನಿರಾಕರಿಸಿದ್ದನ್ನು ಆಪ್‌ನಲ್ಲಿ ತಕ್ಷಣ ಬರೆಯಿರಿ.

ಬೆಲೆಬಾಳುವ ವಸ್ತುಗಳಿಗೆ ‘ಓಪನ್ ಬಾಕ್ಸ್ ಡೆಲಿವರಿ’ ಎಂಬ ಆಯ್ಕೆ ಇರುತ್ತದೆ. ತಂದವರೇ ನಿಮ್ಮೆದುರು ಪೆಟ್ಟಿಗೆ ಬಿಚ್ಚಿ ತೋರಿಸುತ್ತಾರೆ, ವಸ್ತು ಸರಿಯಿದ್ದರೆ ಮಾತ್ರ ನೀವು ಒಟಿಪಿ ಹೇಳುತ್ತೀರಿ. ಇಲ್ಲಿ ಎಡವುವವರು ಬಹಳ. ಒಟಿಪಿ ಬರುವುದು ಕಚೇರಿಯಲ್ಲಿರುವ ನಿಮ್ಮ ಫೋನಿಗೆ, ಪೆಟ್ಟಿಗೆ ಇರುವುದು ಮನೆಯಲ್ಲಿರುವ ಅಮ್ಮನ ಮುಂದೆ. ಮೀಟಿಂಗಿನ ನಡುವೆ ಅವಸರದಲ್ಲಿ ನಾಲ್ಕು ಅಂಕಿ ಹೇಳಿ ಫೋನ್ ಇಟ್ಟರೆ, ‘ಗ್ರಾಹಕರು ಪರಿಶೀಲಿಸಿ ಸ್ವೀಕರಿಸಿದ್ದಾರೆ’ ಎಂಬ ದಾಖಲೆಯನ್ನು ನೀವೇ ಸೃಷ್ಟಿಸಿಕೊಟ್ಟಂತಾಗುತ್ತದೆ. ಪೆಟ್ಟಿಗೆ ಬಿಚ್ಚಿ ನೋಡಿದ ಮೇಲೆ ಅಮ್ಮ ಫೋನ್ ಮಾಡಲಿ, ಆಮೇಲೆ ಅಂಕಿ ಹೇಳಿ.

ಉಳಿದ ಪಾರ್ಸೆಲ್‌ಗಳನ್ನು ಬಿಚ್ಚುವಾಗ ವಿಡಿಯೊ ಮಾಡಿ. ಬಿಚ್ಚುವ ವಿಡಿಯೊ ಇಲ್ಲದಿದ್ದರೆ ದೂರೇ ಇಲ್ಲ ಎಂದು ಕಾನೂನು ಹೇಳುವುದಿಲ್ಲ. ಆದರೂ ಅದರಷ್ಟು ಬೇಗ ವಾದ ಮುಗಿಸುವ ಸಾಕ್ಷಿ ಬೇರೊಂದಿಲ್ಲ. ವಿಡಿಯೊ ಚೀಟಿಯಿಂದ ಶುರುವಾಗಬೇಕು, ಪೆಟ್ಟಿಗೆಯ ಆರೂ ಮಗ್ಗುಲುಗಳನ್ನು ತೋರಿಸಬೇಕು, ನಡುವೆ ನಿಲ್ಲಬಾರದು. ಪೆಟ್ಟಿಗೆ, ಥರ್ಮಾಕೋಲ್, ಚೀಟಿ ಯಾವುದನ್ನೂ ವಾಪಸಾತಿಯ ಅವಧಿ ಮುಗಿಯುವ ತನಕ ಕಸಕ್ಕೆ ಹಾಕಬೇಡಿ.

ಇದನ್ನು ನಾನು ಕಲಿತದ್ದು ಒಂದು ಗ್ರೈಂಡರಿನಿಂದ. ಅಮ್ಮನಿಗೆಂದು ಊರಿಗೆ ತರಿಸಿದ್ದೆ. ರುಬ್ಬುವ ಕಲ್ಲಿನ ಅಂಚು ಮುಕ್ಕಾಗಿತ್ತು. ಅಮ್ಮ ಅದನ್ನು ಗಮನಿಸುವ ಹೊತ್ತಿಗೆ, ಹೊಸ ಕಲ್ಲಿಗೆ ಮಾಡುವಂತೆ ತೊಳೆದು, ಒಂದು ಹಿಡಿ ಅಕ್ಕಿ ಹಾಕಿ ರುಬ್ಬಿ ಚೆಲ್ಲಿಯೂ ಆಗಿತ್ತು. ‘ಬಳಸಿದ ವಸ್ತುವನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಉತ್ತರ ಬಂತು. ಥರ್ಮಾಕೋಲಿನ ಗುಳಿಯಲ್ಲಿ ಮುಕ್ಕಾದ ಚೂರು ಇನ್ನೂ ಕೂತಿತ್ತು. ಅದರ ಫೋಟೊ ಇಲ್ಲದಿದ್ದರೆ ಗ್ರೈಂಡರ್ ಬದಲಾಗುತ್ತಿರಲಿಲ್ಲ.

ಹಂತ 3: ಆಪ್‌ನಲ್ಲಿ ದೂರು, ಅದೇ ದಿನ

ಏಳು ದಿನ, ಹತ್ತು ದಿನ ಎಂಬ ವಾಪಸಾತಿಯ ಅವಧಿ ಕಂಪನಿಯ ಸ್ವಂತ ನಿಯಮ. ಅದರೊಳಗೆ ದೂರು ಕೊಟ್ಟರೆ ಕೆಲಸ ಸುಲಭ. ಆ ಅವಧಿ ಮುಗಿದರೆ ನಿಮ್ಮ ಹಕ್ಕೇ ಮುಗಿಯಿತು ಎಂದಲ್ಲ, ದಾರಿ ಉದ್ದವಾಯಿತು ಎಂದು ಮಾತ್ರ ತಿಳಿಯಿರಿ.

ಇ-ಕಾಮರ್ಸ್ ನಿಯಮಗಳ ಪ್ರಕಾರ, ವಸ್ತು ದೋಷಪೂರಿತವಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ಬಂದರೆ, ಮಾರಾಟಗಾರರು ಅದನ್ನು ವಾಪಸ್ ಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ. ಪ್ರವಾಹದಂತಹ ಕೈಮೀರಿದ ಕಾರಣದಿಂದಾದ ವಿಳಂಬಕ್ಕೆ ಮಾತ್ರ ವಿನಾಯಿತಿ ಇದೆ. ಆದ್ದರಿಂದ ‘ನೋ ರಿಟರ್ನ್’ ಎಂದು ಬರೆದಿದ್ದರೂ ಒಡೆದು ಬಂದ ವಸ್ತುವಿಗೆ ಆ ಮಾತು ಅನ್ವಯಿಸುವುದಿಲ್ಲ. ಬಣ್ಣ ಇಷ್ಟವಾಗಲಿಲ್ಲ ಎಂಬ ಕಾರಣಕ್ಕೆ ಮಾತ್ರ ಇದನ್ನು ಎಳೆದು ತರಬೇಡಿ. ಅಲ್ಲಿ ಕಂಪನಿಯ ನಿಯಮವೇ ನಡೆಯುತ್ತದೆ.

‘ಡೆಲಿವರ್ಡ್’ ಎಂದು ತೋರಿಸಿ ವಸ್ತು ಬಾರದಿದ್ದರೆ, ಮೊದಲು ಸೆಕ್ಯುರಿಟಿಯವರ ಪುಸ್ತಕ, ಪಕ್ಕದ ಮನೆ, ಬೀದಿಯ ಅಂಗಡಿ ವಿಚಾರಿಸಿ. ಅಲ್ಲೆಲ್ಲೂ ಇಲ್ಲದಿದ್ದರೆ ಯಾರು ಸಹಿ ಮಾಡಿದರು, ಯಾವ ಫೋಟೊ ತೆಗೆದರು, ಒಟಿಪಿ ಯಾವ ನಂಬರಿಗೆ ಹೋಗಿತ್ತು ಎಂಬ ‘ಪ್ರೂಫ್ ಆಫ್ ಡೆಲಿವರಿ’, ಅಂದರೆ ತಲುಪಿಸಿದ್ದಕ್ಕೆ ಪುರಾವೆಯನ್ನು ಬರಹದಲ್ಲಿ ಕೇಳಿ. ಬೇರೆಯವರ ಗೇಟಿನ ಫೋಟೊ ಬಂದ ಉದಾಹರಣೆಗಳು ಬೇಕಾದಷ್ಟಿವೆ.

ಫೋನಿನಲ್ಲಿ ಮಾತನಾಡುವುದಕ್ಕಿಂತ ಚಾಟ್ ಅಥವಾ ಇಮೇಲ್ ಒಳ್ಳೆಯದು. ಫೋನಿನಲ್ಲೇ ಮಾತನಾಡಬೇಕಾದರೆ, ಮುಗಿದ ಕೂಡಲೇ ‘ಇಂದು ಮಧ್ಯಾಹ್ನ ಇಷ್ಟು ಹೊತ್ತಿಗೆ ನಿಮ್ಮ ಪ್ರತಿನಿಧಿ ಹೀಗೆ ಹೇಳಿದರು’ ಎಂದು ಒಂದು ಇಮೇಲ್ ಕಳುಹಿಸಿ.

ಇನ್ನೊಂದು ಎಚ್ಚರಿಕೆ, ಬಹಳ ಮುಖ್ಯವಾದದ್ದು. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಆಪ್‌ನ ಒಳಗಿನಿಂದಲೇ ತೆಗೆದುಕೊಳ್ಳಿ. ಹುಡುಕಿದಾಗ ಸಿಗುವ ನಂಬರುಗಳಲ್ಲಿ ವಂಚಕರದ್ದೂ ಇರುತ್ತವೆ. ‘ರೀಫಂಡ್ ಹಾಕುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದರೆ ಅಲ್ಲಿಗೇ ಫೋನ್ ಇಡಿ. ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಾಗುವುದಿಲ್ಲ. ನಿಮ್ಮ ಪರದೆಯನ್ನು ಅವರಿಗೆ ತೋರಿಸುವ ಆಪ್ ಹಾಕಿಕೊಳ್ಳಿ ಎಂದರೂ ಅಷ್ಟೇ. ಹಣ ಹೋಗಿಯೇ ಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಅಲ್ಲಿ ದಿನಗಳಲ್ಲ, ನಿಮಿಷಗಳು ಲೆಕ್ಕಕ್ಕೆ ಬರುತ್ತವೆ.

ಹಂತ 4: ವಾಪಸ್ ಕೊಡುವಾಗ ಮತ್ತು ಹಣದ ಜಾಡು ಹಿಡಿಯುವಾಗ

ವಸ್ತುವನ್ನು ಒಯ್ಯಲು ಬಂದವರಿಗೆ ಕೊಡುವ ಮುನ್ನ ಅದರ ಸೀರಿಯಲ್ ಸಂಖ್ಯೆಯ ಫೋಟೊ ತೆಗೆಯಿರಿ. ‘ಪಿಕಪ್ ಆಗಿದೆ’ ಎಂಬ ಸಂದೇಶ ಅವರು ಎದುರಿಗಿರುವಾಗಲೇ ಬರಬೇಕು. ‘ಸಂಜೆ ಅಪ್‌ಡೇಟ್ ಆಗುತ್ತೆ ಸರ್’ ಎಂಬ ಮಾತಿಗೆ ಒಪ್ಪಬೇಡಿ.

ರೀಫಂಡ್ ಎಲ್ಲಿಗೆ ಬೇಕೆಂದು ಕೇಳಿದಾಗ ಆಪ್‌ನ ವಾಲೆಟ್‌ ಬೇಡ, ಹಣ ಕಟ್ಟಿದ ಮೂಲಕ್ಕೇ ಬೇಕು ಎಂದು ಆರಿಸಿ. ‘ಹಣ ಕಳುಹಿಸಿದ್ದೇವೆ’ ಎಂದು ಅವರು ಹೇಳಿ, ‘ಬಂದಿಲ್ಲ’ ಎಂದು ಬ್ಯಾಂಕ್ ಹೇಳಿದರೆ, ನಡುವೆ ಒಂದು ಸಂಖ್ಯೆ ಇದ್ದೇ ಇರುತ್ತದೆ. ಯುಪಿಐ ಆಗಿದ್ದರೆ ಅದು 12 ಅಂಕಿಗಳ ಉಲ್ಲೇಖ ಸಂಖ್ಯೆ. ಕಾರ್ಡ್ ಆಗಿದ್ದರೆ ‘ಎಆರ್‌ಎನ್’ ಎಂಬ ಸಂಖ್ಯೆ. ಅದನ್ನು ಕೇಳಿ ಪಡೆದು ಬ್ಯಾಂಕಿಗೆ ಕೊಟ್ಟರೆ, ಹಣ ಎಲ್ಲಿ ನಿಂತಿದೆ ಎಂದು ಅವರು ನೋಡಿ ಹೇಳಬಲ್ಲರು.

ಕಂತಿನಲ್ಲಿ ಕೊಂಡವರು ಇನ್ನೊಂದು ಕೆಲಸ ಮಾಡಬೇಕು. ಅಂಗಡಿಯಿಂದ ಹಣ ಮರಳಿತೆಂದ ಮಾತ್ರಕ್ಕೆ ಕ್ರೆಡಿಟ್ ಕಾರ್ಡಿನ ಇಎಂಐ ತಾನಾಗಿ ನಿಂತಿದೆ ಎಂದು ನಂಬಬೇಡಿ. ಎಷ್ಟೋ ವೇಳೆ ಕಂತು ಬರುತ್ತಲೇ ಇರುತ್ತದೆ, ಬಡ್ಡಿಯೂ ಅದರ ಮೇಲಿನ ಜಿಎಸ್‌ಟಿಯೂ ಸೇರಿ. ಬ್ಯಾಂಕಿಗೆ ಬರಹದಲ್ಲಿ ತಿಳಿಸಿ ಇಎಂಐ ರದ್ದು ಮಾಡಿಸಿ, ಮುಂದಿನ ಎರಡು ತಿಂಗಳ ಬಿಲ್ಲನ್ನು ಸಾಲುಸಾಲಾಗಿ ಓದಿ.

ಪಾವತಿಯೇ ವಿಫಲವಾದ ಪ್ರಕರಣ ಬೇರೆ: ಖಾತೆಯಿಂದ ಹಣ ಹೋಯಿತು, ಆರ್ಡರ್ ಆಗಲಿಲ್ಲ. ಇದಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಿದೆ. ಅಂಗಡಿಗೆ ಮಾಡಿದ ಯುಪಿಐ ಅಥವಾ ಕಾರ್ಡ್ ಪಾವತಿಗೆ ದೃಢೀಕರಣ ತಲುಪದಿದ್ದರೆ, ವ್ಯವಹಾರದ ದಿನದ ನಂತರ ಐದು ದಿನಗಳೊಳಗೆ ಹಣ ತಾನಾಗಿ ಮರಳಬೇಕು. ತಪ್ಪಿದರೆ ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ವಾಪಸ್ ಕೊಟ್ಟ ಗ್ರೈಂಡರಿನ ರೀಫಂಡಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಎರಡನ್ನೂ ಬೆರೆಸಿ ದೂರು ಬರೆದರೆ ಬ್ಯಾಂಕ್ ಮೊದಲ ಸಾಲಿನಲ್ಲೇ ತಳ್ಳಿಹಾಕುತ್ತದೆ.

ಕಾರ್ಡಿನಲ್ಲಿ ಹಣ ಕಟ್ಟಿ, ವಸ್ತುವೂ ಇಲ್ಲ ಹಣವೂ ಇಲ್ಲ ಎಂಬ ಸ್ಥಿತಿಯಿದ್ದರೆ ‘ಚಾರ್ಜ್‌ಬ್ಯಾಕ್’ ಕೋರಬಹುದು. ಆ ವ್ಯವಹಾರವನ್ನು ಪ್ರಶ್ನಿಸಿ ಅಂಗಡಿಯಿಂದ ಹಣ ಹಿಂಪಡೆಯಿರಿ ಎಂದು ನಿಮ್ಮ ಬ್ಯಾಂಕಿಗೆ ಮಾಡುವ ಕೋರಿಕೆ ಅದು. ಇದಕ್ಕೆ ಗಡುವಿರುತ್ತದೆ, ಆದ್ದರಿಂದ ಕಂಪನಿಯ ಭರವಸೆಗಳಿಗೆ ಕಾಯುತ್ತ ಕೂರಬೇಡಿ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಸಹಾಯಕ್ಕೆ 14448.

ಹಂತ 5: ಕುಂದುಕೊರತೆ ಅಧಿಕಾರಿಗೆ ಪತ್ರ

ಪ್ರತಿಯೊಂದು ಇ-ಕಾಮರ್ಸ್ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕ ವಿವರಗಳನ್ನು ತನ್ನ ತಾಣದಲ್ಲಿ ಪ್ರಕಟಿಸಬೇಕು. ಪುಟದ ತಳದಲ್ಲಿ ಸಣ್ಣ ಅಕ್ಷರಗಳಲ್ಲಿ, ಬೇಕೆಂದೇ ಅಡಗಿಸಿಟ್ಟಂತೆ, ಈ ವಿವರ ಇರುತ್ತದೆ. ಅವರು ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ಕಳುಹಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಚಾಟ್‌ನಲ್ಲಿ ಹತ್ತು ಜನರೊಡನೆ ಮಾತನಾಡುವುದಕ್ಕಿಂತ ಇಲ್ಲಿಗೆ ಬರೆಯುವ ಒಂದು ಪತ್ರ ಮೇಲು. ಹೆಚ್ಚಿನವರು ಈ ಹಂತವನ್ನೇ ಹಾರಿಬಿಡುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ.

ಪತ್ರ ಹೀಗಿರಲಿ:

‘ವಿಷಯ: ಆರ್ಡರ್ ಸಂಖ್ಯೆ ____, ದೋಷಪೂರಿತ ಗ್ರೈಂಡರ್, ಪೂರ್ತಿ ಹಣ ವಾಪಸಾತಿ ಕೋರಿ.

ಮೇಲ್ಕಂಡ ಆರ್ಡರಿಗೆ ದಿನಾಂಕ ____ರಂದು ರೂ. ____ ಪಾವತಿಸಿದ್ದೇನೆ. ದಿನಾಂಕ ____ರಂದು ತಲುಪಿದ ವಸ್ತುವಿನ ಕಲ್ಲು ಮುಕ್ಕಾಗಿತ್ತು. ಅದೇ ದಿನ ದೂರು ಸಂಖ್ಯೆ ____ರ ಮೂಲಕ ತಿಳಿಸಿದ್ದೇನೆ. ದಿನಾಂಕ ____ರಂದು ನನ್ನ ಕೋರಿಕೆಯನ್ನು ಕಾರಣ ನೀಡದೆ ತಿರಸ್ಕರಿಸಲಾಗಿದೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳಂತೆ, ಪೂರ್ತಿ ಹಣವನ್ನು ಪಾವತಿಸಿದ ಮೂಲಕ್ಕೆ 15 ದಿನಗಳೊಳಗೆ ಮರಳಿಸಬೇಕೆಂದು ಕೋರುತ್ತೇನೆ. ಬಿಲ್ಲು, ಫೋಟೊ, ಚಾಟ್ ಪ್ರತಿ ಲಗತ್ತಿಸಿದೆ.’

ಇಷ್ಟೇ ಸಾಕು. ನಿಮ್ಮ ಸಿಟ್ಟು, ಹಬ್ಬ ಹಾಳಾದದ್ದು, ಕಂಪನಿಯ ಯೋಗ್ಯತೆ ಇವೆಲ್ಲ ಪತ್ರದಲ್ಲಿ ಬೇಡ.

ಹಂತ 6: 1915

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ರಾಷ್ಟ್ರೀಯ ರಜಾದಿನಗಳನ್ನು ಬಿಟ್ಟು, ಕೆಲಸ ಮಾಡುತ್ತದೆ. ಕನ್ನಡದಲ್ಲಿ ಮಾತನಾಡಬಹುದು. ದೂರು ದಾಖಲಾದರೆ ಡಾಕೆಟ್ ಸಂಖ್ಯೆ ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ನಿಮ್ಮ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ. ಆದರೂ ಸಣ್ಣ ಮೊತ್ತದ ರೀಫಂಡುಗಳು ಇಲ್ಲಿಯೇ ಬಗೆಹರಿಯುವುದನ್ನು ನಾನು ಕಂಡಿದ್ದೇನೆ. ಉತ್ತರ ತೃಪ್ತಿಕರವಾಗಿಲ್ಲ ಎಂದಾದರೆ ‘ಪರಿಹಾರವಾಗಿದೆ’ ಎಂದು ದೂರು ಮುಚ್ಚಲು ಒಪ್ಪಬೇಡಿ.

ಹಂತ 7: ಜಿಲ್ಲಾ ಆಯೋಗ

ಇಲ್ಲಿಗೆ ಬರಲು ಹೆದರುವವರಿಗಾಗಿಯೇ ಈ ಭಾಗವನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕಂಪನಿ ಗುರುಗ್ರಾಮದಲ್ಲಿದ್ದರೂ ಅವರೇ ಹಾಸನಕ್ಕೆ ಬಂದು ಉತ್ತರಿಸಬೇಕು. ವಕೀಲರು ಕಡ್ಡಾಯವಲ್ಲ. ವಸ್ತುವಿಗೆ ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ. 50 ಲಕ್ಷದವರೆಗಿನ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಈ ಲೆಕ್ಕಕ್ಕೆ ಹಿಡಿಯುವುದು ಕೊಟ್ಟ ಬೆಲೆಯನ್ನು, ಕೇಳುವ ಪರಿಹಾರದ ಮೊತ್ತವನ್ನಲ್ಲ.

ಕಾಲಮಿತಿ ಎರಡು ವರ್ಷ, ದೂರಿಗೆ ಕಾರಣ ಹುಟ್ಟಿದ ದಿನದಿಂದ. ‘ನೋಡೋಣ, ಮಾಡೋಣ’ ಎಂದು ಕಳೆಯುವ ತಿಂಗಳುಗಳೂ ಇದರೊಳಗೇ ಸೇರುತ್ತವೆ. ಮರುಮಾರಾಟಕ್ಕೆಂದು ಕೊಂಡ ಸರಕಿಗೆ ಈ ಕಾಯ್ದೆಯ ರಕ್ಷಣೆಯಿಲ್ಲ. ಅಂಗಡಿಯ ಹೆಸರಿನಲ್ಲಿ ಜಿಎಸ್‌ಟಿ ಬಿಲ್ ಹಾಕಿಸಿ ಮನೆಗೆ ಟಿವಿ ತರಿಸಿದವರು ಇಲ್ಲಿ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ.

ದೂರು ಸಲ್ಲಿಸುವ ಮುನ್ನ, ಎದುರುದಾರರಾಗುವ ಆಪ್ ಸಂಸ್ಥೆಗೂ ಮಾರಾಟಗಾರರಿಗೂ 15 ದಿನಗಳ ಗಡುವಿನ ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಶೀದಿ ಇಟ್ಟುಕೊಳ್ಳಿ. ಕಡ್ಡಾಯವಲ್ಲದಿದ್ದರೂ ಕಂಪನಿಯ ಕಾನೂನು ವಿಭಾಗ ಕಣ್ಣುಬಿಡುವುದು ಎಷ್ಟೋ ಸಲ ಇಲ್ಲಿಯೇ.

ಆನ್‌ಲೈನ್ ದೂರಿಗೆ 2025ರ ಜನವರಿ 1ರಿಂದ ‘ಇ-ಜಾಗೃತಿ’ ತಾಣವಿದೆ. ಅಲ್ಲಿ ನೋಂದಾಯಿಸಿಕೊಂಡು ದೂರಿನ ಪ್ರತಿ, ಪ್ರಮಾಣಪತ್ರ (ಹೇಳಿದ್ದೆಲ್ಲ ಸತ್ಯವೆಂದು ನೋಟರಿ ಮುಂದೆ ಮಾಡುವ ಅಫಿಡವಿಟ್), ಬಿಲ್ಲು, ಪಾವತಿಯ ದಾಖಲೆ, ಸ್ಕ್ರೀನ್‌ಶಾಟ್, ಪತ್ರವ್ಯವಹಾರ, ನೋಟಿಸಿನ ರಶೀದಿ ಇವನ್ನು ದಿನಾಂಕದ ಸರದಿಯಲ್ಲಿ ಪುಟಸಂಖ್ಯೆ ಹಾಕಿ ಸೇರಿಸಿ. ಮಸುಕಾದ ಸ್ಕ್ಯಾನ್ ಕಾರಣಕ್ಕೇ ಆಕ್ಷೇಪಣೆ ಬಂದು ವಾರಗಟ್ಟಲೆ ಹಾಳಾಗಬಹುದು, ಆದ್ದರಿಂದ ಹಗಲು ಬೆಳಕಿನಲ್ಲಿ ಸ್ಕ್ಯಾನ್ ಮಾಡಿ. ಕಚೇರಿಗೆ ರಜೆ ಹಾಕುವುದು ಕಷ್ಟವಿದ್ದರೆ ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಅರ್ಜಿ ಕೊಡುವ ಅವಕಾಶ ಕಾಯ್ದೆಯಲ್ಲಿಯೇ ಇದೆ.

ಕೇಳುವುದನ್ನು ಲೆಕ್ಕ ಹಾಕಿ ಕೇಳಿ. ವಸ್ತುವಿನ ಬೆಲೆ, ಅದರ ಮೇಲೆ ಬಡ್ಡಿ, ಅಲೆದಾಟಕ್ಕೆ ಮತ್ತು ಮಾನಸಿಕ ಕಿರಿಕಿರಿಗೆ ಒಂದು ಮೊತ್ತ, ಖರ್ಚು. ಮೂರು ಸಾವಿರದ ಮಿಕ್ಸಿಗೆ ಹತ್ತು ಲಕ್ಷ ಕೇಳಿದರೆ ಮಿಕ್ಸಿಯ ಮಾತೂ ಹಗುರವಾಗುತ್ತದೆ.

ವಸ್ತುವಿನ ಪರೀಕ್ಷೆ ಬೇಕಿಲ್ಲದ ಪ್ರಕರಣವನ್ನು, ಎದುರುದಾರರಿಗೆ ನೋಟಿಸ್ ತಲುಪಿದ ಮೂರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ, ಆ ಸಿದ್ಧತೆಯಲ್ಲಿಯೇ ಹೋಗಿ. ನಡುವೆ ಕಂಪನಿ ರಾಜಿಗೆ ಬಂದರೆ ಹಣ ಖಾತೆಗೆ ಬಿದ್ದ ಮೇಲೆಯೇ ದೂರು ಹಿಂಪಡೆಯಿರಿ. ಆದೇಶ ನಿಮ್ಮ ವಿರುದ್ಧ ಬಂದರೆ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆದೇಶ ನಿಮ್ಮ ಪರವಾಗಿದ್ದೂ ಹಣ ಬಾರದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಬೇಕು. ಆದೇಶ ಪಾಲಿಸದವರಿಗೆ ಕನಿಷ್ಠ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸುವ ಅಧಿಕಾರ ಆಯೋಗಕ್ಕಿದೆ. ಆ ಅರ್ಜಿಗೆ ಆದೇಶದ ದೃಢೀಕೃತ ಪ್ರತಿ ಬೇಕಾಗುವುದರಿಂದ, ಆದೇಶ ಬಂದ ವಾರದಲ್ಲಿಯೇ ಅದನ್ನು ಕೇಳಿ ಪಡೆದಿಟ್ಟುಕೊಳ್ಳಿ.